‘ನೋಡೋಣ್ರಿ’ ಎಂದರೆ ಬೇಡ ಎಂದರ್ಥ

ಹೋದ ಬ್ಯಾಸಿಗಿಯಲ್ಲಿ ಬೀದರಿನಲ್ಲಿ ಒಂದು ತರಬೇತಿ ಇತ್ತು. ಬಂದವರೆಲ್ಲ ಗಿಡ ನೆಡುವ ಸಣ್ಣ ಸಂಸ್ಥೆಗಳ ಪದಾಧಿಕಾರಿಗಳು, ಜೊತೆಗೆ ಅವರ ಸಲಹಾ ಸಮಿತಿಯ ಹಿರಿಯರು. ನನಗೆ ಕೊಟ್ಟಿದ್ದು ಊಟವಾದ ಮೇಲಿನ ಹೊತ್ತು. ಗೋಡೆಗೆ ಶ್ರೀಲಂಕಾದ ನಕ್ಷೆ ಹಚ್ಚಿದೆ. ಔರಾದ ಕಡೆಯ ಹಿರಿಯರೊಬ್ಬರು ನಕ್ಕುಬಿಟ್ಟರು: “ಸರ್, ನಮ್ಮಲ್ಲಿ ಕುಡಿಲಾಕ ನೀರಿಲ್ಲ, ನೀವು ಸಮುದ್ರದ ಮಾತು ತೆಗೆದೀರಿ.” ಎಲ್ಲರೂ ನಕ್ಕರು. ಆ ನಗುವಿನ ಪುಣ್ಯದಿಂದ ಯಾರಿಗೂ ನಿದ್ದೆ ಹತ್ತಲಿಲ್ಲ.

ನಕ್ಷೆ ಹಚ್ಚಿದ ಕಾರಣ ಇಷ್ಟೇ. 2004ರ ಸುನಾಮಿಯ ನಂತರ, ಕಾಂಡ್ಲಾ (ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿದ್ದರೆ ಅಲೆಯ ಹೊಡೆತ ಕಡಿಮೆಯಾಗುತ್ತದೆ ಎಂಬ ಮಾತು ಹಬ್ಬಿ, ಶ್ರೀಲಂಕಾದ ದಂಡೆಗೆ ದಾನದ ಹಣ ಹರಿದು ಬಂತು. ಎಲ್ಲ ಕಡೆ ಸಸಿ ಊರಿದರು. ಹತ್ತು ವರ್ಷದ ಆಸುಪಾಸಿನಲ್ಲಿ ಸಂಶೋಧಕರು ಅಂಥ 23 ಜಾಗಗಳನ್ನು ನೋಡಿ ಬಂದು, 2017ರಲ್ಲಿ ಲೆಕ್ಕ ಪ್ರಕಟಿಸಿದರು. ನೆಡಲು ಹೊರಟದ್ದು 1,000ದಿಂದ 1,200 ಹೆಕ್ಟೇರ್. ಹತ್ತಿ ಬೆಳೆದದ್ದು 200ರಿಂದ 220 ಹೆಕ್ಟೇರ್. ಒಂಬತ್ತು ಜಾಗಗಳಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಉಬ್ಬರದ ನೀರು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡದೆ ಕೈಗೆ ಸಿಕ್ಕ ಜಾಗದಲ್ಲಿ ನೆಟ್ಟಿದ್ದರು, ನೆಟ್ಟ ಮೇಲೆ ಹೊಳ್ಳಿ ನೋಡಿರಲಿಲ್ಲ. ಕೆಲವು ಕಡೆ ದನ ತುಳಿದಿದ್ದವು. ಫಿಲಿಪ್ಪೀನ್ಸ್ ದ್ವೀಪಗಳದೂ ಇದೇ ಕತೆ. ಆದರೆ ಅದೇ ದೇಶದ ಬೊಹೊಲ್ ಪ್ರಾಂತ್ಯದಲ್ಲಿ ಬನಕಾನ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಬೆಸ್ತರು 1957ರ ಹೊತ್ತಿಗೇ ಮನೆಯ ಗಳುವಿಗೆ, ಉರುವಲಿಗೆ, ಗಾಳಿಯ ಮರೆಗೆ ಅಂತ ತಾವೇ ಕಾಂಡ್ಲಾ ನೆಡಲು ಶುರು ಮಾಡಿದ್ದರು. ಆ ತೋಪನ್ನು ನೋಡಲು ಈಗ ಹೊರಗಿನವರು ಬರುತ್ತಾರೆ.

ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ದಂಡೆಯ ಬೆಸ್ತನಿಗೆ ಗೊತ್ತಿರುತ್ತದೆ. ಶ್ರೀಲಂಕಾದಲ್ಲಿ ಅವನನ್ನು ಕೇಳಿಯೇ ಇರಲಿಲ್ಲವೋ, ಕೇಳಿದಂತೆ ಮಾಡಿದ್ದರೋ? ನನ್ನ ಅನುಭವದ ಮಟ್ಟಿಗೆ ಎರಡನೆಯದೇ ಹೆಚ್ಚು. ಯಾಕೆಂದರೆ ನಾನೂ ಹಾಗೆ ಕೇಳಿದಂತೆ ಮಾಡಿದವನು.

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಹಳ್ಳದ ಪಕ್ಕ ಗಾಯರಾಣ, ಅಂದರೆ ಊರ ದನ ಮೇಯುವ ಜಾಗ. ಪಕ್ಕಾ ಎರಿ ಭೂಮಿ, ಕಪ್ಪು ಜಿಗುಟು ಮಣ್ಣು. ಬೇವು ಮತ್ತು ಸೀತಾಫಲ ಹಾಕಬೇಕೆಂದು ಒಂದು ಸಂಸ್ಥೆ ತೀರ್ಮಾನಿಸಿತ್ತು, ನಾನು ಅದರ ತಾಂತ್ರಿಕ ಸಲಹೆಗಾರ. ಊರ ಐದು ಮಂದಿ ಹಿರಿಯರ ಸಲಹಾ ಸಮಿತಿ ಮಾಡಿದ್ದೆವು. ಹನುಮಂತದೇವರ ಗುಡಿಯ ಕಟ್ಟಿಯ ಮೇಲೆ ಸಭೆ, ಎಲ್ಲರಿಗೂ ಶಾಲು, ಚಹಾ, ಪಾರ್ಲೆ ಬಿಸ್ಕೀಟು. ಜಾಗದ ಮಾತು ಬಂದಾಗ ಒಬ್ಬ ಕಾಕಾ ನೆಲ ನೋಡುತ್ತಾ, “ಅದು ತಗ್ಗಿನ ಜಾಗ ಅದರೀ… ಆತು, ನೋಡೋಣ್ರಿ” ಎಂದರು. ನಮ್ಮ ಹುಡುಗ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಬರೆದ. ನಾನು ಸಹಿ ಹಾಕಿದೆ.

ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಮನೆಗೆ ಬಂದವರ ಮುಖದ ಮೇಲೆ ‘ಬ್ಯಾಡ’ ಎನ್ನುವುದು ನಮ್ಮಲ್ಲಿ ಅವಮರ್ಯಾದೆ. ಹೆಣ್ಣು ನೋಡಲು ಬಂದವರಿಗೂ ಹಾಗೆ, ಸಾಲ ಕೇಳಲು ಬಂದವರಿಗೂ ಹಾಗೆ, ‘ನೋಡೋಣ್ರಿ’ ಎಂದು ಕಳಿಸುತ್ತಾರೆ. ಕೇಳಿದವನೂ ತಿಳಿದುಕೊಂಡು ಎದ್ದು ಹೋಗುತ್ತಾನೆ. ಜೀಪಿನಲ್ಲಿ ಬಂದ ನಾವು ಮಾತ್ರ ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತೇವೆ. ಆ ಕಾಕಾ ಬೇಡ ಎಂದಿದ್ದರು, ಕಾರಣವನ್ನೂ ಒಂದೇ ಶಬ್ದದಲ್ಲಿ ಹೇಳಿದ್ದರು: ತಗ್ಗು.

ಎರಿ ಭೂಮಿ ತೋಡಿ ಗುಂಡಿ ಮಾಡಿದರೆ ಅದು ಗುಂಡಿಯಲ್ಲ, ಬೋಗುಣಿ. ಸುತ್ತಲಿನ ಮಣ್ಣು ಉಬ್ಬಿ ಬಿಗಿದುಕೊಳ್ಳುತ್ತದೆ, ಒಳಗೆ ಇಳಿದ ನೀರು ಹೋಗಲು ದಾರಿ ಇರುವುದಿಲ್ಲ. ಜೂನಿನ ಮಿರಗದ ಮಳೆಯಲ್ಲಿ ನೆಟ್ಟ ಸಸಿ ಶ್ರಾವಣದವರೆಗೆ ನಗುನಗುತ್ತಾ ಇತ್ತು, ಫೋಟೋ ಚೆನ್ನಾಗಿ ಬಂದವು. ಉತ್ತರಿ ಮಳೆಗೆ ಹಳ್ಳದ ನೀರು ನಿಂತಿತು, ಬೇರು ಕೊಳೆಯಿತು. ಬೇವಿಗೂ ಸೀತಾಫಲಕ್ಕೂ ನಿಂತ ನೀರು ಆಗಿಬರುವುದಿಲ್ಲ. ದಿಬ್ಬದ ಮೇಲೆ ಉಳಿದ ಒಂದಿಷ್ಟು ಗಿಡಗಳ ಬೇರನ್ನು ಏಪ್ರಿಲ್‌ನಲ್ಲಿ ಭೂಮಿ ಬಿರುಕು ಬಿಟ್ಟು ಹರಿಯಿತು. ಅಲ್ಲಿ ಏರಿ ಮಾಡಿ ಕರಿಜಾಲಿ ಹಾಕಿದ್ದರೆ ನಿಲ್ಲುತ್ತಿತ್ತು. ಇದು ನನ್ನ ಓದಿನಲ್ಲೇ ಇದ್ದ ವಿಷಯ. ಹೊಲಕ್ಕೆ ಹೋಗಿ ನೋಡಿದ್ದು ಮಾರ್ಚ್‌ನಲ್ಲಿ, ನೆಲ ಒಣಗಿದ್ದಾಗ. ಅಲ್ಲಿ ನೀರು ನಿಲ್ಲುವುದನ್ನು ಅರವತ್ತು ಮಳೆಗಾಲ ನೋಡಿದವರು ಕಟ್ಟಿಯ ಮೇಲೆ ಕೂತಿದ್ದರು.

ಅಂದಿನಿಂದ ಯಾವ ಸಂಸ್ಥೆ ಕರೆದರೂ ನಾನು ಮೊದಲು ಕೇಳುವುದು ಒಂದೇ. ನಿಮ್ಮ ಹಿರಿಯರ ಸಮಿತಿ ಇಲ್ಲಿಯವರೆಗೆ ಯಾವುದನ್ನು ಬೇಡ ಎಂದಿದೆ? ಅದು ಎಲ್ಲಿ ಬರೆದಿದೆ? ಎಷ್ಟೋ ಕಡೆ ಉತ್ತರ ಬರುವುದಿಲ್ಲ. ಸಲಹೆಗಾರರ ಪಟ್ಟಿಯಲ್ಲಿ ಮಾತ್ರ ಮಠದವರು, ದರ್ಗಾದವರು, ಮಾಜಿ ಜಿಲ್ಲಾ ಪಂಚಾಯತ್ ಸದಸ್ಯರು, ನಿವೃತ್ತ ಪ್ರಿನ್ಸಿಪಾಲರು ಇರುತ್ತಾರೆ. ಅವರೂ ಬೇಕು. ಜಾಗದ ತಂಟೆ ಬಂದಾಗ ಅವರ ಒಂದು ಮಾತಿಗೆ ಇರುವ ತೂಕ ನಮ್ಮ ಹತ್ತು ಪತ್ರಕ್ಕಿಲ್ಲ. ಆದರೆ ಆ ಪಟ್ಟಿಯಲ್ಲಿ ನಾನು ಹುಡುಕುವವರು ಬೇರೆ ಮೂರು ಮಂದಿ. ಗ್ರಾಮ ಪಂಚಾಯಿತಿಯ ವಾಟರ್‌ಮನ್ ಇದ್ದಾನೆಯೇ? ಯಾವ ಬೋರು ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಅವನ ಬಾಯಲ್ಲಿರುತ್ತದೆ. ಕುರಿ ಕಾಯುವವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಅವರ ದಾರಿಗೇ ಬೇಲಿ ಹಾಕಿ, ಆಮೇಲೆ ಕುರಿ ಮೇಯ್ದವು ಎಂದು ದೂರುತ್ತೀರಿ. ಸ್ವಸಹಾಯ ಸಂಘದ ಅಕ್ಕೋರು ಇದ್ದಾರೆಯೇ? ಟ್ಯಾಂಕರ್ ಬರದ ದಿನ ಕೊಡ ಹೊತ್ತು ನೀರು ಹಾಕುವವರು ಅವರು.

ಇನ್ನೊಂದು ವಿಷಯವನ್ನು ಹಿರಿಯರಷ್ಟೇ ಹೇಳಬಲ್ಲರು, ಕೇಳಿದರೆ ಮಾತ್ರ ಹೇಳುತ್ತಾರೆ. ಗಿಡ ಯಾರದು? (ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು, ಬೆಂಗಳೂರಿನವರು ತಪ್ಪು ತಿಳಿಯಬಾರದು.) ತೊಗರಿ ಹೊಲದ ಬದುವಿಗೆ ಗಿಡ ಹಾಕಿದರೆ ನೆರಳು ಬೀಳುವುದು ಬಾಜೂದವನ ಸಾಲಿನ ಮೇಲೆ, ಜಗಳ ಅಲ್ಲಿಂದ ಶುರು. ಬೆಳೆದ ಮೇಲೆ ಕಡಿಯಲು ಹೋದರೆ ಇಲಾಖೆಯವರು ಹಿಡಿಯುತ್ತಾರೆ ಎಂಬ ಅಂಜಿಕೆ ಬೇರೆ. ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ನಮ್ಮ ಹೊಲದಲ್ಲೇ ಬೆಳೆದ ಶ್ರೀಗಂಧವೂ ಸರ್ಕಾರದ್ದಾಗಿತ್ತು, 2001ರ ತಿದ್ದುಪಡಿಯ ನಂತರವೇ ಅದು ಜಮೀನಿನ ಮಾಲೀಕನದ್ದಾಯಿತು. ಹಲವು ಜಾತಿಯ ಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಇಂದಿಗೂ ಅನುಮತಿ ಬೇಕು.

ಇಲ್ಲಿಯೂ ಒಂದು ದ್ವೀಪದ ಉದಾಹರಣೆ ಕೊಡುತ್ತೇನೆ, ಔರಾದದ ಹಿರಿಯರು ಕ್ಷಮಿಸಬೇಕು. ಹೈಟಿಯಲ್ಲಿ ಗುಡ್ಡಗಳು ಬೋಳಾಗಿದ್ದವು. ವರ್ಷಗಟ್ಟಲೆ ‘ಮಣ್ಣು ಉಳಿಸಿ, ಮರ ನೆಡಿ’ ಎಂದು ಹೇಳಿದರೂ ರೈತರು ಕಿವಿಗೊಟ್ಟಿರಲಿಲ್ಲ. 1981ರಲ್ಲಿ ಜೆರಾಲ್ಡ್ ಮರ್ರೆ ಎಂಬ ಮಾನವಶಾಸ್ತ್ರಜ್ಞ ಹಳ್ಳಿಯವರ ಜೊತೆ ಬದುಕಿ ಕಲಿತದ್ದನ್ನು ಯೋಜನೆ ಮಾಡಿದರು. ಬೇಗ ಬೆಳೆಯುವ ಸಸಿ ಕೊಡಿ, ಮರ ರೈತನದ್ದೇ ಎನ್ನಿ, ಇದ್ದಿಲಿಗೆ ಬೇಕೋ ಗಳುವಿಗೆ ಬೇಕೋ ಅವನೇ ಕಡಿದು ಮಾರಲಿ. ಸಸಿಗಳು ಸ್ವಯಂಸೇವಾ ಸಂಸ್ಥೆಗಳ ಮೂಲಕ ಹೋದವು. ನಾಲ್ಕು ವರ್ಷಕ್ಕೆ 30 ಲಕ್ಷ ಗಿಡದ ಗುರಿ ಇತ್ತು, ಸುಮಾರು 2 ಕೋಟಿ ನೆಟ್ಟರು. ಕಡಿಯಲು ಬಿಟ್ಟರೆ ನೆಡುತ್ತಾರೆ ಎಂಬ ಮಾತು ನಮ್ಮ ಪರಿಸರ ಪ್ರೇಮಿಗಳಿಗೆ ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಯಾವ ಹಳ್ಳಿಯ ಗೌಡರನ್ನು ಕೇಳಿದರೂ ಕೂಡಲೇ ಒಪ್ಪುತ್ತಾರೆ.

ಯಾವ ಗಿಡ ಎಂಬುದೂ ಹಾಗೆಯೇ. ಮಂಗಳೂರು ಕಡೆಯವರು ಜೀಗುಜ್ಜೆ ಎನ್ನುವ ದೀವಿ ಹಲಸನ್ನು ಬ್ರಿಟಿಷರು 1793ರಲ್ಲಿ ತಾಹಿತಿಯಿಂದ ಜಮೈಕಾಕ್ಕೆ ಹಡಗಿನಲ್ಲಿ ತಂದರು. ತೋಟದ ಗುಲಾಮರಿಗೆ ಅಗ್ಗದ ಊಟವಾಗಲಿ ಎಂಬ ಲೆಕ್ಕ. ಗುಲಾಮರು ಮೊದಲು ಅದನ್ನು ಮುಟ್ಟಲಿಲ್ಲವಂತೆ. ಈಗ ಅದೇ ಹಣ್ಣು ಅಲ್ಲಿ ಮನೆಮನೆಯ ಊಟ, ಕೆರಿಬಿಯನ್ ದ್ವೀಪಗಳಲ್ಲಿ ಹಣ್ಣಿನ ಗಿಡ ಹಂಚುವ ಸಂಸ್ಥೆಗಳು ಅದನ್ನೇ ಮುಂದಿಟ್ಟು ಕೆಲಸ ಮಾಡುತ್ತವೆ. ನಡುವೆ ಎಷ್ಟು ವರ್ಷ ಹೋದವು ನೋಡಿ. ನಮ್ಮ ದಾನಿಗಳು ಮೂರು ತಿಂಗಳಲ್ಲಿ ಊರು ಒಪ್ಪಬೇಕು ಎನ್ನುತ್ತಾರೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, ಕಂಪನಿಯಾದರೆ 2013ರ ಕಾಯ್ದೆಯ 8ನೇ ಕಲಂ, ಟ್ರಸ್ಟ್ ಆದರೆ ಡೀಡು. ಮೂರರಲ್ಲೂ ಹೊಣೆ ಇರುವುದು ಆಡಳಿತ ಮಂಡಳಿಯ ಮೇಲೆ. ಸಲಹಾ ಸಮಿತಿಗೆ ನೀವು ಬೈಲಾದಲ್ಲಿ ಎಷ್ಟು ಅಧಿಕಾರ ಬರೆಯುತ್ತೀರೋ ಅಷ್ಟೇ. ನಾನು ಬರೆಸುವುದು ಎರಡು ಸಾಲು: ಜಾಗ ಮತ್ತು ಗಿಡದ ಜಾತಿಯ ಬಗ್ಗೆ ಊರಿನ ಸಮಿತಿ ಬೇಡ ಎಂದರೆ ಮಂಡಳಿ ಮುಂದುವರಿಯುವಂತಿಲ್ಲ. ಗಿಡದ ಎಣಿಕೆ ಮೇ ತಿಂಗಳಲ್ಲಿ, ಸಮಿತಿಯವರ ಎದುರಿಗೇ. ಅಕ್ಟೋಬರಿನ ಎಣಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಗ ಕಳೆಯೂ ಹಸಿರಾಗಿರುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಉಳಿದ ಗಿಡಕ್ಕಷ್ಟೇ ವರ್ಷಕ್ಕೆ 35, 40, 50 ರೂಪಾಯಿಯಂತೆ ಮೂರು ವರ್ಷ ಹಣ ಕೊಡುತ್ತದೆ. ಸರ್ಕಾರಕ್ಕೆ ತಿಳಿದದ್ದು ನಮಗೇಕೆ ತಿಳಿಯಬಾರದು? ‘ಸಿಎಸ್‌ಆರ್ ಹಣ ಮಾರ್ಚ್ 31ರೊಳಗೆ ಮುಗಿಸಬೇಕು ಸರ್’ ಎನ್ನುವವರಿಗೂ (ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಹಣವದು) ಒಂದು ಮಾತು. ಈಗಿನ ನಿಯಮದಲ್ಲಿ ‘ಚಾಲ್ತಿ ಯೋಜನೆ’ ಎಂದು ಮೊದಲೇ ಒಪ್ಪಿಸಿಕೊಂಡರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಸಿಗುತ್ತದೆ. ಕಂಪನಿಯ ಹಿಂದೆ ಬಿದ್ದು ಕೇಳಬೇಕು.

ಈ ಎರಡು ಸಾಲು ಬರೆಸಿಕೊಂಡವರಲ್ಲಿ ಶಹಾಪುರ ಕಡೆಯ ಒಂದು ಸಣ್ಣ ಸಂಸ್ಥೆಯೂ ಇದೆ. ಮೊದಲ ಸಭೆಯಲ್ಲೇ ಪರೀಕ್ಷೆ ಬಂತು. ದಾನಿಗಳಿಗೆ ರಸ್ತೆಗೆ ಕಾಣುವ ಜಾಗ ಬೇಕಿತ್ತು, ಶಾಲೆಯ ಹಿಂದಿನ ಮೈದಾನ ಗೊತ್ತಾಗಿತ್ತು, ಹೆಸರಿನ ಫಲಕಕ್ಕೆ ಬಣ್ಣವೂ ಆಗಿತ್ತು. ಅಧ್ಯಕ್ಷರು ವಿವರಿಸಿ ಮುಗಿಸಿದ ಮೇಲೆ ಹಿರಿಯರು ಎಂದಿನಂತೆ “ನೋಡೋಣ್ರಿ” ಎಂದರು. ನಾನು ಕಾಯುತ್ತಾ ಕೂತೆ. ಹಿಂದೆ ಕೂತಿದ್ದ ಸಂಘದ ಅಕ್ಕ ಒಬ್ಬರು ಸೆರಗು ಸರಿ ಮಾಡಿಕೊಂಡು ಎದ್ದು, “ಸಾಲಿ ಬೋರು ಶಿವರಾತ್ರಿಗೇ ಆರತದರೀ. ಆಮ್ಯಾಲೆ ನೀರು ನಾವೇ ಹೊರಬೇಕು. ಅಲ್ಲಿ ಬ್ಯಾಡ್ರಿ” ಎಂದರು. ವಾಟರ್‌ಮನ್ ತಲೆ ಅಲ್ಲಾಡಿಸಿದ. ಅಧ್ಯಕ್ಷರ ಮುಖ ಕೆಂಪಾಯಿತು, ಆದರೂ ಬೈಲಾ ಅವರದ್ದೇ. ‘ಬೇಡ’ ಎಂಬ ಠರಾವು ಬರೆದು, ಅಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ವರ್ಷ ಮೈದಾನದಲ್ಲಿ ಒಂದೂ ಗಿಡ ನೆಡಲಿಲ್ಲ. ಬದುವಿಗೆ ತಾವೇ ಕೇಳಿ ಒಯ್ದ ರೈತರಿಗೆ ಹುಣಸಿ, ಬೇವು, ಬಾರಿ ಸಸಿ ಕೊಟ್ಟರು, ಬಾಜೂ ಹೊಲದವನ ಒಪ್ಪಿಗೆ ಇದ್ದವರಿಗೆ ಮಾತ್ರ. ಸಂಖ್ಯೆ ಸಣ್ಣದು, ವರದಿಯಲ್ಲಿ ಬರೆದರೆ ದಾನಿ ಹುಬ್ಬು ಏರಿಸುವಷ್ಟು ಸಣ್ಣದು. ಆ ವರದಿ ಬರೆದುಕೊಡಲು ನಾನೇ ಕೂತೆ, ಠರಾವಿನ ನಕಲನ್ನೂ ಹಚ್ಚಿದೆ. ಮುಂದಿನ ಮೇ ತಿಂಗಳಲ್ಲಿ ಎಣಿಸಲು ಹೋದಾಗ ಅಕ್ಕನ ಮನೆಯಲ್ಲಿ ಚಹಾ ಆಯಿತು. ಅಂಗಳದ ಕೋಳಿಗೂಡಿನ ಮೇಲೆ ತಗಡಿನ ಹೊದಿಕೆ ಇತ್ತು, ಹಸಿರು ಬಣ್ಣ, ಮೇಲೆ ಕಂಪನಿಯ ಹೆಸರು ಇನ್ನೂ ಓದುವಂತಿತ್ತು.