ಅವರು ಮಾಡೆಲ್‌ಗಳಲ್ಲ, ಇನ್ನೆಷ್ಟು ಸಲ ಹೇಳಲಿ!

ಪ್ರಶ್ನೆ: ಹಳೇ ಕಂಪ್ಯೂಟರ್ ಫೋಟೋಗಳಲ್ಲಿ ಯಂತ್ರದ ಪಕ್ಕ ಹೆಂಗಸರು ನಿಂತಿರುತ್ತಾರಲ್ಲ, ಅವರೆಲ್ಲ ಫೋಟೋ ಚೆನ್ನಾಗಿ ಬರಲಿ ಅಂತ ಕರೆಸಿದ ಮಾಡೆಲ್‌ಗಳೇ ಅಲ್ವಾ?

ಇದಕ್ಕೆ ಉತ್ತರ ಬರೆದು ಬರೆದು ಕೈ ಸೋತಿದೆ. ಕೇಳುವವರು ಕಳಿಸುವುದೂ ಹೆಚ್ಚಾಗಿ ಅದೇ ಎನಿಯಾಕ್ ಫೋಟೋ, ಅಂದರೆ ಅಮೆರಿಕದ ಮೊದಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರಿನದು. ಇಲ್ಲ ಸ್ವಾಮಿ, ಅವರು ಮಾಡೆಲ್‌ಗಳಲ್ಲ. ಆ ಯಂತ್ರಕ್ಕೆ ಪ್ರೋಗ್ರಾಂ ಹಾಕುತ್ತಿದ್ದವರೇ ಅವರು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಫಿರಂಗಿ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಅನ್ನುವ ಲೆಕ್ಕ ಬೇಕಿತ್ತು. ಫಿಲಡೆಲ್ಫಿಯಾದಲ್ಲಿ ಗಣಿತ ಬಲ್ಲ ಹೆಂಗಸರು ಕೂತು ಆ ಲೆಕ್ಕ ಮಾಡುತ್ತಿದ್ದರು. ಒಂದು ಗುಂಡಿನ ದಾರಿಗೆ 30 ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಅವರ ಹುದ್ದೆಯ ಹೆಸರೇ 'ಕಂಪ್ಯೂಟರ್'! ಅವರಲ್ಲಿ ಆರು ಜನರನ್ನು ಎನಿಯಾಕ್ ಕೆಲಸಕ್ಕೆ ಆರಿಸಿದರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಮೊದಮೊದಲು ಯಂತ್ರ ಇದ್ದ ಕೋಣೆಗೆ ಇವರನ್ನು ಬಿಡುತ್ತಲೇ ಇರಲಿಲ್ಲ, ಯಂತ್ರದ ನಕ್ಷೆಗಳನ್ನು ಹರಡಿಕೊಂಡು ಅದು ಹೇಗೆ ಓಡುತ್ತದೆ ಅಂತ ತಾವೇ ಕಲಿತರು. ಫೋಟೋದಲ್ಲಿ ಕೈಯಲ್ಲಿ ಕೇಬಲ್ ಇದೆ ನೋಡಿ. ಅದನ್ನು ಸುಮ್ನೆ ಪೋಸಿಗೆ ಹಿಡಿದಿದ್ದು ಅಂದುಕೊಳ್ಳಬೇಡಿ. ಈ ತೂತಿನಿಂದ ಆ ತೂತಿಗೆ ಕೇಬಲ್ ಚುಚ್ಚಿ, ಸ್ವಿಚ್ ತಿರುಗಿಸುವುದೇ ಆಗ ಪ್ರೋಗ್ರಾಮಿಂಗ್.

1946ರ ಫೆಬ್ರವರಿಯಲ್ಲಿ ಯಂತ್ರವನ್ನು ಎಲ್ಲರಿಗೂ ತೋರಿಸಿದರು. ನಿಜವಾದ ಗುಂಡು ನೆಲಕ್ಕೆ ಬೀಳಲು ಹಿಡಿಯುವ ಹೊತ್ತಿಗಿಂತ ಮೊದಲೇ ಯಂತ್ರ ಅದರ ಲೆಕ್ಕ ಮುಗಿಸಿ ಕೂತಿತ್ತು. ಆ ಲೆಕ್ಕವನ್ನು ಯಂತ್ರಕ್ಕೆ ಹೊಂದಿಸಿದ್ದು ಇದೇ ಹೆಂಗಸರು. ಅವತ್ತಿನ ರಾತ್ರಿ ದೊಡ್ಡ ಔತಣ ನಡೆಯಿತು, ಇವರಿಗೆ ಕರೆಯೇ ಇಲ್ಲ. ಆಮೇಲೆ ಸೈನ್ಯದವರು ಜನರನ್ನು ಸೇರಿಸಿಕೊಳ್ಳಲು ಒಂದು ಜಾಹೀರಾತು ಕೊಟ್ಟರು. ಅದಕ್ಕೆ ಎನಿಯಾಕ್ ಫೋಟೋವನ್ನೇ ತೆಗೆದುಕೊಂಡು, ಮುಂದೆ ನಿಂತಿದ್ದ ಸೈನಿಕನನ್ನು ಉಳಿಸಿಕೊಂಡು ಹಿಂದಿದ್ದ ಹೆಂಗಸರನ್ನು ಕತ್ತರಿಸಿ ಹಾಕಿದರು!

ಸುಮಾರು ನಲವತ್ತು ವರ್ಷ ಆದಮೇಲೆ ಕ್ಯಾಥಿ ಕ್ಲೈಮನ್ ಅನ್ನುವ ವಿದ್ಯಾರ್ಥಿನಿ ಇವರು ಯಾರು ಅಂತ ವಿಚಾರಿಸಿದಾಗ, ಬಲ್ಲವರಿಂದಲೇ ಸಿಕ್ಕ ಉತ್ತರ 'ರೆಫ್ರಿಜರೇಟರ್ ಲೇಡೀಸ್'. ಅಂದರೆ ಹೊಸ ಫ್ರಿಜ್ ಬಾಗಿಲು ಹಿಡಿದು ನಗುವ ಮಾಡೆಲ್‌ಗಳು. ಆಕೆ ಅದನ್ನು ನಂಬದೆ ಹುಡುಕಿದ್ದಕ್ಕೆ ನಮಗೆ ಈ ಹೆಸರುಗಳು ಗೊತ್ತಾದವು. ನಿಮ್ಮ ಪ್ರಶ್ನೆ ಹೊಸದೇನಲ್ಲ ಅಂತ ಇದರಿಂದಲೇ ತಿಳಿಯಿತಲ್ಲ.

ಹಾಗಾದರೆ ಮಾಡೆಲ್‌ಗಳು ಇರಲೇ ಇಲ್ವಾ? ಇದ್ದರು, ಬೇಕಾದಷ್ಟು. ಕಂಪ್ಯೂಟರ್ ಕಂಪನಿಗಳ ಎಷ್ಟೋ ಜಾಹೀರಾತುಗಳಲ್ಲಿ ಯಂತ್ರಕ್ಕೆ ಒರಗಿ ನಿಂತವರು ಅವರೇ. ನಮ್ಮ ಕಣ್ಣಿಗೆ ಅದೇ ಅಭ್ಯಾಸವಾಗಿ ನಿಜವಾದ ಇಂಜಿನಿಯರ್ ಎದುರಿಗೆ ನಿಂತರೂ ಅನುಮಾನ. 2015ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ರೈಲು ನಿಲ್ದಾಣಗಳಲ್ಲಿ ಒನ್‌ಲಾಗಿನ್ ಕಂಪನಿ ತನ್ನ ಇಂಜಿನಿಯರ್ ಐಸಿಸ್ ವೆಂಗರ್ ಅವರ ಫೋಟೋ ಹಾಕಿತ್ತು. ಕನ್ನಡಕ, ಕಂಪನಿಯ ಟೀ ಶರ್ಟ್, ಅಷ್ಟೇ. ಇಂಜಿನಿಯರ್ ಹೀಗಿರಲು ಸಾಧ್ಯವೇ ಇಲ್ಲ, ಇದು ಮಾಡೆಲ್ಲೇ ಅಂತ ಜನ ತೀರ್ಪು ಕೊಟ್ಟರು. ವೆಂಗರ್ #ಐಲುಕ್‌ಲೈಕ್‌ಆ್ಯನ್‌ಇಂಜಿನಿಯರ್ (ಇಂಜಿನಿಯರ್ ಅಂದರೆ ನನ್ನ ಹಾಗೂ ಇರುತ್ತಾರೆ) ಅಂತ ಹ್ಯಾಶ್‌ಟ್ಯಾಗ್ ಶುರು ಮಾಡಿದಾಗ ಸಾವಿರಾರು ಹೆಂಗಸರು ತಮ್ಮ ಫೋಟೋ ಹಾಕಿದರು.

ಮೈಬಣ್ಣದ ವಿಷಯ ನೀವು ಕೇಳಲಿಲ್ಲ, ಆದರೂ ಹೇಳದೆ ಬಿಡಲಾರೆ. 2007ರಲ್ಲಿ ಇಂಟೆಲ್ ತನ್ನ ಪ್ರೊಸೆಸರ್ ಎಷ್ಟು ವೇಗ ಅಂತ ತೋರಿಸಲು ಜಾಹೀರಾತಿನಲ್ಲಿ ಓಟಕ್ಕೆ ಬಗ್ಗಿ ನಿಂತ ಕಪ್ಪು ಓಟಗಾರರನ್ನು ಹಾಕಿ, ನಡುವೆ ಕೈಕಟ್ಟಿ ನಿಂತ ಒಬ್ಬ ಬಿಳಿಯನನ್ನು ಇಟ್ಟಿತು. ನೋಡಿದರೆ ಎಲ್ಲರೂ ಅವನ ಮುಂದೆ ತಲೆಬಾಗಿದ ಹಾಗಿತ್ತು. ಕ್ಷಮೆ ಕೇಳಿ ವಾಪಸ್ ತೆಗೆದುಕೊಂಡರು. ನನಗೆ ಅದಕ್ಕಿಂತ ವಿಚಿತ್ರ ಅನ್ನಿಸುವುದು 2009ರಲ್ಲಿ ಮೈಕ್ರೋಸಾಫ್ಟ್ ಮಾಡಿದ್ದು. ಮೂಲ ಫೋಟೋದಲ್ಲಿ ಮೇಜಿನ ಸುತ್ತ ಮೂವರು: ಏಷ್ಯಾದ ಒಬ್ಬ ಗಂಡಸು, ಒಬ್ಬ ಕಪ್ಪು ಗಂಡಸು, ಒಬ್ಬ ಬಿಳಿ ಹೆಂಗಸು. ಪೋಲೆಂಡ್‌ಗಾಗಿ ಮಾಡಿದ ವೆಬ್ ಪುಟದಲ್ಲಿ ಕಪ್ಪು ಮನುಷ್ಯನ ತಲೆ ತೆಗೆದು ಬಿಳಿಯನ ತಲೆ ಅಂಟಿಸಿದ್ದರು. ಕಂಪನಿ ಇದಕ್ಕೂ ಕ್ಷಮೆ ಕೇಳಿತು. ಅಂಟಿಸಿದವರಿಗೆ ಎಷ್ಟು ಅವಸರವಿತ್ತೋ ಏನೋ, ಕೈ ಬದಲಿಸುವುದನ್ನೇ ಮರೆತಿದ್ದರು. ಬಿಳಿ ಮುಖದ ಆ ಮನುಷ್ಯನ ಕೈ ಮಾತ್ರ ಕಪ್ಪಾಗಿಯೇ ಇತ್ತು.