ಟ್ಯಾಪೆಟ್ ಟಿಕ್ ಟಿಕ್ ಅಂದರೆ ಹೆದರಬೇಡಿ, ಸುಮ್ಮನಾದರೆ ನೋಡಿ

ಡಿಸೆಂಬರ್, ಜನವರಿಯಲ್ಲಿ ಬೀದರ್‌ನ ಬೆಳಗಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆಗ ಓಣಿಯಲ್ಲಿ ಒಂದಾದರೂ ಬೈಕು ಕಿಕ್ ಮೇಲೆ ಕಿಕ್ ಹೊಡೆಸಿಕೊಳ್ಳುತ್ತಾ ನಿಂತಿರುತ್ತದೆ. ದೃಷ್ಟಿಯಾಗಿದೆ ಅಂತ ಹ್ಯಾಂಡಲ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರೂ ಇದ್ದಾರೆ. ಕಟ್ಟಿದ ಮೇಲೆ ಮಧ್ಯಾಹ್ನ ಬೈಕು ಒಂದೇ ಕಿಕ್‌ಗೆ ಚಾಲೂ ಆಗುತ್ತದೆ, ನಂಬಿಕೆ ಗಟ್ಟಿಯಾಗುತ್ತದೆ. ಚಾಲೂ ಮಾಡಿದ್ದು ಬಿಸಿಲು. ಒಳಗಿನ ತೊಂದರೆ ಹಾಗೇ ಉಳಿದಿರುತ್ತದೆ.

ಪ್ಲಗ್, ಚೋಕ್, ಏರ್ ಫಿಲ್ಟರ್, ಬ್ಯಾಟರಿ ಎಲ್ಲರೂ ನೋಡುತ್ತಾರೆ. ಅವೆಲ್ಲ ಸರಿಯಿದ್ದೂ ಥಂಡಿಯಲ್ಲಿ ಮಾತ್ರ ಎಂಜಿನ್ ಹಟ ಹಿಡಿದರೆ, ಕಿಕ್ ಒತ್ತಿದಾಗ ಕಾಲಿಗೆ ಮೊದಲಿನ ಬಿಗಿ ಸಿಗದಿದ್ದರೆ, ವಾಲ್ವ್ ಗ್ಯಾಪ್, ಅಂದರೆ ಗ್ಯಾರೇಜಿನವರು ಹೇಳುವ ಟ್ಯಾಪೆಟ್ ಸೆಟಿಂಗ್ ನೋಡಬೇಕು. ವಾಲ್ವ್ ಅಂದರೆ ಎಂಜಿನ್ನಿನೊಳಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಬಿಡುವ ಬಾಗಿಲು.

ವಾಲ್ವಿನ ತುದಿಗೂ ಅದನ್ನು ಒತ್ತುವ ಸನ್ನೆಯಂಥ ರಾಕರ್‌ಗೂ ನಡುವೆ ಬೇಕಂತಲೇ ಬಿಟ್ಟ ಜಾಗ ಇದು. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್, ಅಂದರೆ ಕೂದಲಿನ ದಪ್ಪದಷ್ಟು. ಎಂಜಿನ್ ಕಾದಾಗ ವಾಲ್ವ್ ಉದ್ದವಾಗುತ್ತದೆ, ಅದಕ್ಕೆ ಈ ಜಾಗ. ಆ ಜಾಗವೇ ಟಿಕ್ ಟಿಕ್ ಸದ್ದಿಗೂ ಕಾರಣ. ಗ್ಯಾರೇಜಿಗೆ ಬಂದವರು "ಟ್ಯಾಪೆಟ್ ಸೌಂಡ್ ಭಾಳ ಬರ್ಲಿಕತ್ತದ, ಜರಾ ಟೈಟ್ ಮಾಡ್ರಿ" ಅನ್ನುತ್ತಾರೆ. ಮಿಸ್ತ್ರಿ ಟೈಟ್ ಮಾಡುತ್ತಾನೆ, ಗ್ಯಾಪ್ ಇಳಿದು ಸದ್ದು ನಿಲ್ಲುತ್ತದೆ, ಗಿರಾಕಿ ಖುಷಿ. ತೊಂದರೆ ಶುರುವಾಗುವುದೇ ಅಲ್ಲಿಂದ.

ಸುಮ್ನೆ ಬಿಟ್ಟರೂ ಗ್ಯಾಪ್ ಕಡಿಮೆಯಾಗಬಹುದು. ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 50 ಸಲ ತಾನು ಮುಚ್ಚಿ ಕೂರುವ ಸೀಟಿಗೆ ಬಡಿಯುತ್ತದೆ. ಸೀಟು ಸವೆದಂತೆ ವಾಲ್ವ್ ಒಳಗೆ ಕೂರುತ್ತದೆ, ಅದರ ತುದಿ ರಾಕರ್ ಕಡೆಗೆ ಏರುತ್ತದೆ. ಸವೆತದಿಂದ ಗ್ಯಾಪ್ ಹೆಚ್ಚುತ್ತದೆ ಅಂತ ಎಲ್ಲರೂ ಅಂದುಕೊಂಡರೆ, ಇಲ್ಲಿ ಸವೆತವೇ ಅದನ್ನು ಮುಚ್ಚುತ್ತದೆ! ಇದಕ್ಕೊಂದು ಚರಿತ್ರೆಯೂ ಇದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ (ಎಂಜಿನ್ನಿನೊಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಉರಿದು ಬಡಿಯುವುದು) ನಿಲ್ಲುತ್ತದೆ ಎಂದು ಕಂಡುಕೊಂಡ. ಸೀಸ ಸೀಟಿನ ಮೇಲೆ ತೆಳುವಾಗಿ ಕೂತು ಸವೆತವನ್ನೂ ತಡೆಯುತ್ತಿತ್ತು. ಆದರೆ ಅದು ಮಕ್ಕಳ ಮಿದುಳಿಗೆ ವಿಷ. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಈಗಿನ ಸೀಟುಗಳು ಗಟ್ಟಿ ಲೋಹದವು, ಆದರೂ ಸವೆಯುತ್ತವೆ.

ಗ್ಯಾಪ್ ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿ ಹಿಡಿದ ಗಾಳಿ-ಪೆಟ್ರೋಲಿನ ಒತ್ತಡ ಸೋರುತ್ತದೆ. ಹಾಗಾದರೆ ಚಾಲೂ ಆದ ಮೇಲೆ ಅದೇ ಬೈಕು ಹುಮನಾಬಾದಿಗೆ ಆರಾಮಾಗಿ ಹೋಗಿಬರುವುದು ಹೇಗೆ? ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ವಾಷರ್ ಸವೆದ ಸೈಕಲ್ ಪಂಪನ್ನು ನಿಧಾನ ಒತ್ತಿದರೆ ಗಾಳಿಯೆಲ್ಲ ಸೋರಿಹೋಗುತ್ತದೆ, ಜೋರಾಗಿ ಒತ್ತಿದರೆ ಟೈರಿಗೆ ಹೋಗುತ್ತದೆ, ಅಲ್ವಾ? ಕಿಕ್ ಹೊಡೆದಾಗ ಎಂಜಿನ್ 300 ಆರ್‌ಪಿಎಂನಲ್ಲಿ ತಿರುಗಿತು ಅನ್ನಿ. ಪಿಸ್ಟನ್ ಒಮ್ಮೆ ಮೇಲೇರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. 6000ದಲ್ಲಿ ಇನ್ನೂರನೇ ಒಂದು ಭಾಗ ಸಾಕು. ಕಿಕ್‌ನಲ್ಲಿ ಸೋರಿಕೆಗೆ 20 ಪಟ್ಟು ಜಾಸ್ತಿ ಸಮಯ. ಕಂಪ್ರೆಷನ್ ಇಳಿದರೆ ಒತ್ತಡದಿಂದ ಹುಟ್ಟುವ ಬಿಸಿಯೂ ಇಳಿಯುತ್ತದೆ. ಥಂಡಿಗೆ ಪೆಟ್ರೋಲ್ ಮೊದಲೇ ಸರಿಯಾಗಿ ಆವಿಯಾಗುವುದಿಲ್ಲ, ಆಯಿಲ್ ದಪ್ಪಗಾಗಿರುತ್ತದೆ. ಎಲ್ಲ ಸೇರಿ ಕಿಡಿ ಬಿದ್ದರೂ ಬೆಂಕಿ ಹತ್ತುವುದಿಲ್ಲ. 

ಹೊಗೆ ಹೊರಬಿಡುವ ಎಗ್ಝಾಸ್ಟ್ ವಾಲ್ವಿಗೆ ಇನ್ನೂ ದೊಡ್ಡ ಅಪಾಯವಿದೆ. ಅದು ತನ್ನ ಬಿಸಿಯ ಬಹುಪಾಲನ್ನು ಸೀಟಿಗೆ ತಾಗಿ ಕೂತಾಗಲೇ ಬಿಟ್ಟುಕೊಡುತ್ತದೆ. ಕೂರದಿದ್ದರೆ ಅಂಚು ಸುಟ್ಟು ತುಂಡಾಗುತ್ತದೆ, ಎಂಜಿನ್ನಿನ ಹೆಡ್ಡೇ ಬಿಚ್ಚಬೇಕಾಗುತ್ತದೆ.

ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಗಾಡಿಗಳಿಗೆ ಗ್ಯಾಪ್ ನೋಡುವ ಕೆಲಸವಿಲ್ಲ. ಉಳಿದವಕ್ಕೆ ರಾತ್ರಿಯೆಲ್ಲ ಆರಿದ ಎಂಜಿನ್ನೇ ಬೇಕು. ಮ್ಯಾಗ್ನೆಟ್ ಮೇಲಿನ 'ಟಿ' ಗುರುತನ್ನು (ಪಿಸ್ಟನ್ ತುತ್ತತುದಿಗೆ ಬಂದ ಗುರುತು) ಎಂಜಿನ್ ಕವರಿನ ಗುರುತಿಗೆ ಸೇರಿಸಿ ರಾಕರ್‌ಗಳನ್ನು ಬೆರಳಿನಿಂದ ಅಲ್ಲಾಡಿಸಿ. ಎರಡೂ ಅಲ್ಲಾಡದಿದ್ದರೆ ಇನ್ನೊಂದು ಸುತ್ತು ತಿರುಗಿಸಿ ನೋಡಿ. ಆಗಲೂ ಅಲ್ಲಾಡದ ರಾಕರ್‌ನಲ್ಲಿ ಗ್ಯಾಪೇ ಉಳಿದಿಲ್ಲ. ಕಂಪನಿ ಹೇಳಿದ ಅಳತೆಯ ಫೀಲರ್ ಗೇಜ್ (ತೆಳು ಲೋಹದ ಪಟ್ಟಿ) ತೂರಿಸಿದರೆ ಸ್ವಲ್ಪ ಹಿಡಿದು ಹಿಡಿದು ಜಾರಬೇಕು, ಹಾಗಾಗುವ ತನಕ ರಾಕರ್ ತುದಿಯ ಸ್ಕ್ರೂ ತಿರುಗಿಸಿ. ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ತೂರಿಸಿ ನೋಡಿ, ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿ ಗ್ಯಾಪ್ ಬದಲಾಗಿರಬಹುದು.