ಮಂಡಿ ಮಡಚಲಾಗದವರ ಯೋಗಕ್ಕೆ ಬೆಳ್ಳೂರಿನ ಬೇರು

"ಕೆಳಗೆ ಕೂರೋಕೇ ಆಗಲ್ಲ, ನನಗೆಲ್ಲಿಯ ಯೋಗ?" ಕೋಲಾರದ ಕಡೆ ಯೋಗ ಶಿಬಿರ ಎಂದರೆ ಮೊದಲು ಬರುವ ಮಾತೇ ಇದು. ಜೂನ್ 21ರಂದು ಮೈದಾನದಲ್ಲಿ 45 ನಿಮಿಷದ ಅಭ್ಯಾಸ ನಡೆಯುವಾಗ ಮಂಡಿನೋವಿನವರು, ಊರುಗೋಲಿನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿರುತ್ತಾರೆ. ಆ ಕುರ್ಚಿಯನ್ನೇ ಆಸನಕ್ಕೆ ಬಳಸಿ ತೋರಿಸಿದವರು ಇದೇ ಜಿಲ್ಲೆಯವರು ಎಂಬುದು ಅಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಆ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ಕೋಲಾರದ ಬೆಳ್ಳೂರಿನಲ್ಲಿ. ಇನ್‌ಫ್ಲುಯೆಂಜಾ ಊರೂರಿಗೆ ಹಬ್ಬಿದ್ದ ಕಾಲ. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಬಂದು ಹುಡುಗ ಕಡ್ಡಿಯಂತಾಗಿದ್ದ. 1934ರಲ್ಲಿ ಅಕ್ಕನ ಗಂಡ, ಯೋಗ ಕಲಿಸುತ್ತಿದ್ದ ಕೃಷ್ಣಮಾಚಾರ್ಯರು ಮೈಸೂರಿಗೆ ಕರೆಸಿಕೊಂಡರು. ಅರಮನೆಯ ಯೋಗಶಾಲೆಯಲ್ಲಿ ಕಲಿಕೆ ಕಟ್ಟುನಿಟ್ಟು, ಗಟ್ಟಿಮುಟ್ಟಾದ ಹುಡುಗರಿಗೇ ತಕ್ಕಂಥದ್ದು. ರೋಗಿಷ್ಠ ಮೈಯನ್ನು ಬಗ್ಗಿಸುವ ಕಷ್ಟ ಏನೆಂದು ಅಯ್ಯಂಗಾರರು ಅಲ್ಲಿ ಸ್ವಂತ ಮೈಯಲ್ಲೇ ಕಂಡರು.

1937ರಲ್ಲಿ ಪುಣೆಗೆ ಹೋಗಿ ಕಲಿಸತೊಡಗಿದ ಮೇಲೆ ವಯಸ್ಸಾದವರು, ಕಾಯಿಲೆಯವರೂ ಹುಡುಕಿಕೊಂಡು ಬಂದರು. ಕೈ ನೆಲಕ್ಕೆ ಎಟುಕದಿದ್ದರೆ ಕೈ ಕೆಳಗೊಂದು ಇಟ್ಟಿಗೆ. ಬೆನ್ನು ನಿಲ್ಲದಿದ್ದರೆ ದಿಂಬು, ಗೋಡೆಗೆ ಹಗ್ಗ. ಕುರ್ಚಿಯೂ ಸೇರಿಕೊಂಡಿತು. 1975ರಲ್ಲಿ ಪುಣೆಯಲ್ಲಿ ಅವರ ಯೋಗ ಸಂಸ್ಥೆ ಶುರುವಾಗುವ ಹೊತ್ತಿಗೆ ಇದೊಂದು ಪದ್ಧತಿಯೇ ಆಗಿತ್ತು. "ಕುರ್ಚಿ ಯೋಗ ಎಂದರೆ ಅರೆಬರೆ ಯೋಗ" ಎನ್ನುವವರು ಈ ಕಥೆ ಓದಿಲ್ಲ ಎಂದೇ ನನ್ನ ಅನುಮಾನ.

ನಮ್ಮ ಬಯಲುಸೀಮೆಗೆ ಇದು ಬೇಕಾಗಿರುವುದಕ್ಕೆ ಇನ್ನೊಂದು ಕಾರಣ ಕೊಳವೆಬಾವಿಯ ತಳದಲ್ಲಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ಕಡೆ ಅದಕ್ಕಿಂತ ಹೆಚ್ಚಿರುವ ನೀರನ್ನು ಜನ ವರ್ಷಗಟ್ಟಲೆ ಕುಡಿದಿದ್ದಾರೆ. ಮೊದಲು ಹಲ್ಲಿಗೆ ಕಂದು ಕಲೆ, ಆಮೇಲೆ ಕೀಲು ಬಿಗಿತ. ಕೊನೆಗೆ ಬೆನ್ನುಹುರಿಯ ಸುತ್ತಲ ಕಟ್ಟುಗಳೇ ಸುಣ್ಣಗಟ್ಟುತ್ತವೆ. ಮೂಳೆಯೊಳಗೆ ಸೇರಿದ್ದನ್ನು ಯಾವ ಆಸನವೂ ತೆಗೆಯುವುದಿಲ್ಲ. ಅಂಥ ಬೆನ್ನನ್ನು "ಇನ್ನೂ ಸ್ವಲ್ಪ ಬಗ್ಗಿ" ಎಂದು ಒತ್ತಿದರೆ ಅಪಾಯವೇ. ಉಸಿರಾಟ, ಭುಜ, ಕತ್ತು, ಕಣಕಾಲು, ಇಷ್ಟು ಸಲೀಸಾಗಿ ಆಡಿದರೂ ದಿನ ಹಗುರವಾಗುತ್ತದೆ.

ಕಾನೂನೂ ನಿಧಾನಕ್ಕೆ ಕಣ್ಣು ತೆರೆದಿದೆ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಗುರುತಿಸಿತ್ತು. 2016ರದ್ದು 21 ಬಗೆ ಎಂದಿತು, ಕೈಕಾಲು ನಡುಗಿಸುವ ಪಾರ್ಕಿನ್‌ಸನ್ಸ್ ಕಾಯಿಲೆ ಕೂಡ ಒಳಗೆ ಬಂತು. ತರಗತಿ ಮಾತ್ರ ಇನ್ನೂ ಒಂದೇ ಅಚ್ಚಿನದು.

ಕಲಿಸುವವರು ಮೊದಲು ಕೇಳಬೇಕಾದ್ದು ಬಿ.ಪಿ., ಶುಗರ್, ಕಣ್ಣಿನ ಕಾಯಿಲೆ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಇದ್ದವರಿಗೆ ತಲೆಕೆಳಗಿನ ಆಸನ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬಂದರೆ ತಲೆ ಸುತ್ತೀತು, ಕೈಗೆ ಸಿಗುವಂತೆ ಸಕ್ಕರೆ ಇರಲಿ. ಪಾದ ಮರಗಟ್ಟಿದವರನ್ನು ಬಿಸಿ ತಾರಸಿಯ ಮೇಲೆ ಬರಿಗಾಲಲ್ಲಿ ನಿಲ್ಲಿಸಬಾರದು. ಉಬ್ಬಸದವರಿಗೆ ಅಂಗಾತ ಮಲಗುವ ಶವಾಸನವೇ ಹಿಂಸೆ, ಬೆನ್ನಿಗೆ ಎತ್ತರ ಕೊಡಬೇಕು. ಕಣ್ಣು ಕಾಣದವರಿಗೆ "ಹೀಗೆ ಮಾಡಿ" ಎಂದರೆ ಏನೂ ಹೇಳಿದಂತಾಗಲಿಲ್ಲ. ಬಲಗೈ, ಎಡಮಂಡಿ ಎಂದು ಹೆಸರು ಹಿಡಿದೇ ಹೇಳಬೇಕು.

ಸಲಕರಣೆಗೆ ದುಡ್ಡು ಸುರಿಯಬೇಕಿಲ್ಲ. ಛತ್ರಗಳಲ್ಲಿರುವ ಕೈಯಿಲ್ಲದ ಕಬ್ಬಿಣದ ಮಡಚು ಕುರ್ಚಿ ಸಾಕು, ಅದರ ಬೆನ್ನು ಗೋಡೆಗೆ ತಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ನುಣುಪು ನೆಲದ ಮೇಲೆ ಜಾರುತ್ತದೆ.